ಆ ತುದಿ

ಶಿಡ್ಲಘಟ್ಟದ ಖುರ್ಷಿದಾಬಿ ಮನೆಯಲ್ಲಿ
ಮೇನು ಇಳಿಸಿ, ಗೋಡೆಯ ಡಬ್ಬಿ ಬಿಚ್ಚಿದೆ.
ಆರು ತಂತಿ, ಬೆಕ್ಕಿನ ಮೀಸೆ ಹಾಗೆ
ಹೊರಕ್ಕೆ ಚಾಚಿದವು.

ಪುಸ್ತಕದಲ್ಲಿ ಎಲ್ಲ ಸಲೀಸು.
ಕೆಂಪು ಆರ್‌ಗೆ, ಇಪ್ಪತ್ನಾಲ್ಕು ವೋಲ್ಟು ಹೊತ್ತು ತರೋದು.
ನೀಲಿ ಸಿಗೆ, ತಂದದ್ದನ್ನು ಹಿಂದಕ್ಕೆ ಒಯ್ಯೋದು.
ಇವೆರಡು ಒಂದನ್ನೊಂದು ಮುಟ್ಟಿದರೆ ಫ್ಯೂಸು ಹೋಯಿತು.
ಹಳದಿ ಮಾಳಿಗೆ ಮೇಲಿನ ಕಂಪ್ರೆಸರನ್ನು ಎಬ್ಬಿಸುತ್ತೆ,
ಹಸಿರು ಫ್ಯಾನಿಗೆ, ಬಿಳಿ ಕಡುಚಳಿಯ ಕಾಯಿಲಿಗೆ.
ಕಿತ್ತಳೆ ಇದೆಯಲ್ಲ, ಅದು ಕವಾಟ ತಿರುವಿ
ಬಿಸಿ ಊದೋ ಬಾಯಲ್ಲೇ ತಂಪು ಊದಿಸುತ್ತೆ.

ಹದಿನಾಲ್ಕು ವರ್ಷದಿಂದ ಬಾಯಿಗೆ ಬರುವ ಮಗ್ಗಿ.
ಕಣ್ಣಿಗೆ ಬರಲ್ಲ, ಅಷ್ಟೆ.
ಕೆಂಪು, ಹಸಿರು, ಕಿತ್ತಳೆ ಮೂರೂ ನನಗೆ
ಹಳೇ ಹುಣಸೆಹಣ್ಣು.
ಮೂರನೇ ಕ್ಲಾಸಲ್ಲಿ ಮಾವಿನ ಮರಕ್ಕೆ ಕೆಂಪು ಎಲೆ ಬಳಿದು
ಕೈ ಊದೋ ಹಾಗೆ ಪೆಟ್ಟು ತಿಂದವನು ನಾನು.
ಚಿಂತಾಮಣಿ ಮಂಡಿಯಲ್ಲಿ ಟೊಮೊಟೊ ಆರಿಸೋದು ಹೆಂಡತಿ,
ನಾನು ಚೀಲ ಹಿಡಿಯೋನು.

ಗಿರಾಕಿಗಳಿಗೆ ಯಾರಿಗೂ ಗೊತ್ತಿಲ್ಲ.
ಅಕ್ಕನ ಮಗ ಗವಿರಾಜ ಪಕ್ಕ ನಿಂತು
‘ಇದು ಹಸಿರು ಅಲ್ವಾ ಮಾವ?’ ಅಂತ ಕಲಿಯೋನ ಹಾಗೆ ಕೇಳ್ತಾನೆ.
‘ಹೂಂ ಕಣೋ’ ಅಂತ ಕಲಿಸೋನ ಹಾಗೆ ಗದರ್ತೀನಿ.
ಇವತ್ತು ಅವನಿಗೆ ಐಟಿಐ ಪರೀಕ್ಷೆ.

‘ಯಾಕೆ ಮೇಸ್ತ್ರಿ, ನಿಂತುಬಿಟ್ರಿ?’
‘ಬೆಳಕು ಸಾಲದು ಅಮ್ಮ.’
ಆಕೆ ಹೋಗಿ ಕಿಟಕಿ ಪೂರ್ತಿ ತೆಗೆದಳು.
ಡಿಸೆಂಬರಿನ ಬಿಸಿಲು ಗೋಡೆಗೆ ಬಂದು ನಿಂತಿತು.
ಇನ್ನು ಹೇಳೋಕೆ ಸುಳ್ಳೂ ಇರಲಿಲ್ಲ.
ಹೇಳಿಬಿಟ್ಟೆ.

ನಗಲಿಲ್ಲ. ಹತ್ತಿರ ಬಂದು ನೋಡಿದಳು.
‘ನನಗೆ ಕಾಣುತ್ತೆ. ಹೇಳ್ಲಾ?’
‘ಕಂಡೂ ಏನು ಬಂತಮ್ಮ, ಹಿಂದಿನವನು
ಪೈಪಿನೊಳಗೆ ಎಲ್ಲೋ ಬೇರೆ ವೈರು ಗಂಟು ಹಾಕಿದ್ದಾನೆ.
ಇಲ್ಲಿ ಹಳದಿ ಇದೆ, ಮೇಲೆ ಹಳದಿಯೇ ಇಲ್ಲ.’
‘ಸಡಿಲ ಇದಾವಾ?’
‘ಸಡಿಲ ಇದಾವೆ.’
‘ಹಾಗಾದ್ರೆ ಮೇಲೆ ಹೋಗಿ ಬೆರಳಿಟ್ಟು ಕೂತ್ಕೊಳ್ಳಿ.’

ನಲವತ್ತು ವರ್ಷ ಕುದಿಯೋ ಬಾಣಲೆಯಲ್ಲಿ
ಗೂಡು ತಡವಿ, ಹಬೆಯೊಳಗೆ ಎಳೆಯ ತುದಿ ಹಿಡಿದ ಬೆರಳು.
ಸವೆದೂ ಸವೆದೂ ಗೆರೆಯೇ ಇಲ್ಲ,
ರೇಷನ್ ಅಂಗಡಿ ಮೆಷಿನ್ನಿಗೆ ಆಕೆ ಯಾರೂ ಅಲ್ಲ.
ಈಗ ಗಂಟುಗಂಟಿಗೂ ಚಳಿ ಹೊಕ್ಕು
ಚರಕ ಮಾರಿ, ಆ ದುಡ್ಡಲ್ಲೇ ಈ ಹೀಟ್ ಪಂಪ್.

ಕೆಳಗಿಂದ ಕೂಗು: ‘ಯಾವುದು?’
ನನ್ನ ಬೆರಳಡಿ ಒಂದು ತಂತಿ
ಮೀನು ಗಾಳ ಕಚ್ಚಿದಷ್ಟೇ ಮಿಸುಕಿತು.
‘ಇದು!’ ಬಿಳಿ ಟೇಪು ಸುತ್ತಿ, ಆರ್ ಅಂತ ಬರೆದೆ.
‘ಈಗ?’ ‘ಇದು!’ ಸಿ.
ಐದನೆಯದಕ್ಕೆ ಎರಡು ಒಟ್ಟಿಗೆ ಅಲ್ಲಾಡಿದವು.
‘ಹೆಣೆದುಕೊಂಡಿರ್ತಾವೆ, ತಡೀರಿ’ ಅಂದು
ಏನು ಮಾಡಿದಳೋ, ಒಂದು ಸುಮ್ಮನಾಯಿತು.
ಆಮೇಲೆ ಮೀಟರು ಹಿಡಿದೆ. ಆರೂ ಸಲ ಕುಂಯ್ ಅಂದಿತು.

ಮೇನು ಹಾಕಿದರೆ ಬಂದದ್ದು ತಣ್ಣನೆ ಗಾಳಿ.
‘ಚಳಿಗಾಲದಲ್ಲಿ ಐಸ್ ಕ್ಯಾಂಡಿ ಮಾರೋಕೆ ಬಂದ್ರಾ?’
ಈ ಕಂಪನಿಯ ಕವಾಟ ತಿರುಗೋದು ಉಲ್ಟಾ.
ಡಬ್ಬಿಯಲ್ಲಿ ಓ ತೆಗೆದು ಬಿ ಇಟ್ಟೆ.
ಮೇಲೆ ಏನೋ ಉಸ್ಸೆಂದಿತು,
ಸ್ವಲ್ಪ ಹೊತ್ತಿಗೆ
ಆಕೆ ಗಾಳಿಗೆ ಕೈ ಹಿಡಿದು
ಒಂದೊಂದೇ ಬೆರಳು ಬಿಡಿಸಿದಳು.

ಹೊರಡುವಾಗ ಕೇಳಿದಳು,
‘ಬರೋಕೆ ಯಾಕೆ ಅಷ್ಟು ತಡ?’
‘ಫೋನಲ್ಲಿ ಹಸಿರು ಬಾಗಿಲು ಅಂದಿದ್ರಿ.
ಬೀದಿ ಮೂರು ಸಲ ಸುತ್ತಿದೆ.’

ಈಗ ನಕ್ಕಳು, ಸೆರಗು ಬಾಯಿಗೊತ್ತಿ.
‘ಇನ್ನೊಂದು ಸಲ ಬಂದ್ರೆ ಚಿಲಕ ಮುಟ್ಟಿ ನೋಡಿ.
ಸಡಿಲ ಇರೋದು ನಮ್ಮದು.’