ಅರೆಬೆಂದದ್ದು

ಮೂವತ್ತೊಂದು ವರ್ಷ ಎಲಾದಿಯೋ
ಊರು ಮಲಗಿದ ಮೇಲೆ ಎದ್ದು ಹೋದವನು,
ಊರು ಎದ್ದ ಮೇಲೆ ಬಂದು ಮಲಗಿದವನು.
ಅಂತೆಕೇರಾದ ಅರ್ಧ ಮನೆಗಳ ಬೆಳಗಿನ ತಟ್ಟೆಯಲ್ಲಿ
ಅವನ ಕೈಯ ಮೊಯೇತೆ;
ಅವನ ತಟ್ಟೆಯಲ್ಲಿ ಮಾತ್ರ ಮಧ್ಯಾಹ್ನ ಮೂರಕ್ಕೆ
ಮತ್ತೆ ಬಿಸಿಮಾಡಿದ ಕಡಲೆ ಸಾರು.

ಇವತ್ತು ಸೋಮವಾರ. ನಿವೃತ್ತಿಯ ಮೊದಲನೆಯದು.
ಒಂಬತ್ತೂವರೆ. ಅಡುಗೆಮನೆಯ ಕುರ್ಚಿಯಲ್ಲಿ
ಯಾರದೋ ಮನೆಗೆ ನೆಂಟನಾಗಿ ಬಂದವನಂತೆ
ಅಂಚಿಗೆ ಕೂತಿದ್ದಾನೆ.
ವಿಸಿತಾ ಕಾಗದದ ಚೀಲ ಬಿಚ್ಚಿದಳು. ನಾಲ್ಕು ಮೊಯೇತೆ,
ಅವನದೇ ಬೇಕರಿಯವು, ಮೊದಲ ಸಲ ದುಡ್ಡು ಕೊಟ್ಟು ತಂದದ್ದು.

ಎತ್ತಿಕೊಂಡು ಮಗುಚಿ ನೋಡಿದ.
"ಹಿಟ್ಟು ಜಾಸ್ತಿ ಉದುರಿಸಿದ್ದಾನೆ ಹುಡುಗ.
ಇಲ್ಲಿ ನೋಡು, ಹೆಬ್ಬೆಟ್ಟು,
ಗುರುತಿನ ಚೀಟಿಗೆ ಒತ್ತಿದ ಹಾಗೆ."
ಅವಳು ಕೇಳಿಸಿಕೊಳ್ಳಲಿಲ್ಲ, ಚಾಕು ಹುಡುಕುತ್ತಿದ್ದಳು.

ಮೊಯೇತೆ ಅಂದರೆ ಹೀಗೆ:
ಚಪ್ಪಟೆ, ಬಿಳಿಚು, ಕೆನ್ನೆಯಷ್ಟು ಮೆತ್ತಗೆ,
ಬಣ್ಣ ಬರುವ ಮೊದಲೇ ಒಲೆಯಿಂದ ಎಳೆದದ್ದು.
ಅರೆಬೆಂದದ್ದು ಅನ್ನುವುದು ಬೇರೆಲ್ಲ ಕಡೆ ಬೈಗುಳ,
ಇಲ್ಲಿ ಅದೇ ಕಸುಬು.
ಮಿಕ್ಕದ್ದನ್ನು ಮನೆ ಬೇಯಿಸಲಿ ಎಂದು ಬಿಟ್ಟ ಬಾಕಿ.

ಆ ಬಾಕಿ ಏನಾಗುತ್ತದೆಂದು ಅವನು ಕಂಡದ್ದಿಲ್ಲ.
ಒಲೆಬಾಯಲ್ಲಿ ನಿಂತು, ನಾಲಗೆ ಸುಟ್ಟುಕೊಂಡು,
ಒಂದು ಚೂರು ನುಂಗಿ ಮುಂದಿನ ಹಲಗೆಗೆ ಓಡಿದ್ದೇ.
ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ,
ಇವನ ಕೈಗೆ ಬಂದದ್ದು ರಾತ್ರಿಗೆ ಎರಡು ಸಾವಿರ.

ವಿಸಿತಾ ಅಡ್ಡ ಸೀಳಿ
ಕಾದ ಕಾವಲಿಯ ಮೇಲೆ ಬೋರಲು ಹಾಕಿದಳು.
ವಾಸನೆ ಬಾಗಿಲು ತಟ್ಟಿದಂತೆ ಬಂತು.
ಅವನು ಕುರ್ಚಿಯಲ್ಲಿ ಹಿಂದಕ್ಕೆ ಸರಿದು ಕೂತ.
ಬೆಳ್ಳುಳ್ಳಿ ಉಜ್ಜಿದಳು, ಒಂದೇ ಸಲ.
ತುರಿದ ಟೊಮ್ಯಾಟೊ. ಉಪ್ಪಿನ ಹರಳು.
ತವರಿನಿಂದ ಐದು ಲೀಟರಿನ ಡಬ್ಬದಲ್ಲಿ ಬರುವ
ಹಸಿರು ಆಲಿವ್ ಎಣ್ಣೆ, ಕೈತಡೆಯಿಲ್ಲದೆ.

ಕಚ್ಚಿದ. ಹೊರಗೆ ಗರಿಗರಿ, ಒಳಗೆ ಇನ್ನೂ ಹಸುಗೂಸು.
ಎಣ್ಣೆ ಮಣಿಕಟ್ಟಿನಿಂದ ಮೊಣಕೈಗೆ ಇಳಿಯಿತು,
ಒರೆಸಲಿಲ್ಲ.

"ಹುಡುಗ ನಾದುವುದು ಪರವಾಗಿಲ್ಲ," ಅಂದ ಕೊನೆಗೆ.
ಆಮೇಲೆ, "ಇಷ್ಟು ವರ್ಷ ಹೀಗೇ ತಿನ್ನುತ್ತಿದ್ದೆಯಾ?"
"ದಿನಾ."
"ಒಬ್ಬಳೇ?"
"ನಿನ್ನ ಗೊರಕೆ ಇರುತ್ತಿತ್ತಲ್ಲ, ಪಕ್ಕದ ಕೋಣೆಯಲ್ಲಿ."

ಎರಡನೆಯದನ್ನು ತಾನೇ ಸೀಳುತ್ತೇನೆಂದು ಚಾಕು ಕಸಿದುಕೊಂಡ.
ಲಕ್ಷಗಟ್ಟಲೆ ಉಂಡೆ ಕಟ್ಟಿದ ಕೈ,
ಸೊಟ್ಟ ಸೀಳಿತು: ಒಂದು ಹೋಳು ಕಂಬಳಿಯಷ್ಟು ದಪ್ಪ,
ಇನ್ನೊಂದು ಕಾಗದ.
ಕಾಗದದಂಥದ್ದನ್ನು ಅವಳು ತಾನಿಟ್ಟುಕೊಂಡಳು.
ಅದು ಬೇಗ ಕೆಂಪಾಗುತ್ತದೆ.