ಟೂತ್‌ಬ್ರಷ್ ಎಲ್ಲಿದೆ

ಡೆಟ್ರಾಯಿಟ್. ಮಾರ್ಚ್ ತಿಂಗಳು.
ಹಿಮ ಕರಗಿದ ಕೂಡಲೆ
ರಸ್ತೆಯ ಹೊಂಡಗಳೆಲ್ಲ ಬಾಯಿ ತೆರೆದಿವೆ.
ನನ್ನ ಬ್ಯೂಕ್‌ಗೆ ಹದಿನಾರು ತುಂಬಿತು,
ಎಡಗಡೆ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ,
ಗಾಜಿಳಿಸಿ, ಕೈ ಹೊರಹಾಕಿ, ಹೊರಗಿನ ಹಿಡಿ ಎಳೆದು
ನನ್ನ ಕಾರಿನಿಂದ ನಾನೇ ಕಳ್ಳಿಯ ಹಾಗೆ ಇಳಿಯುತ್ತೇನೆ.
ಮಾರಿದರೆ ಹದಿನೆಂಟು ನೂರು ಡಾಲರ್ ಬಂದೀತು,
ವಿಮೆಗೆ ವರ್ಷಕ್ಕೆ ಮೂರು ಸಾವಿರದ ಇನ್ನೂರು.
ಮೂಗಿಗಿಂತ ಮೂಗುತಿ ಭಾರ.

ಇಪ್ಪತ್ತೆರಡು ವರ್ಷದಲ್ಲಿ ಒಂದು ದಂಡದ ಚೀಟಿ ಇಲ್ಲ.
ಒಮ್ಮೆ ಹಿಂದಕ್ಕೆ ತೆಗೆಯುವಾಗ ಕಸದ ತೊಟ್ಟಿಗೆ ತಾಗಿಸಿದ್ದೆ,
ತೊಟ್ಟಿ ದೂರು ಕೊಡಲಿಲ್ಲ.
"ನಿಮ್ಮ ಏರಿಯಾ ಅಂಥದ್ದು, ಮ್ಯಾಡಮ್"
ಅಂದಳು ಫೋನಿನ ಹುಡುಗಿ,
ನನ್ನ ಬೀದಿಯನ್ನು ಒಮ್ಮೆಯೂ ಕಾಣದವಳು.

ಬಸ್ಸಿಗೆ ಹೋಗು ಅನ್ನುತ್ತಾರೆ.
ಡಯಾಲಿಸಿಸ್ ಯಂತ್ರಗಳಿಗೆ ನಾನು ನೀರು ಕುಡಿಸಬೇಕಾದದ್ದು
ಬೆಳಗಿನ ನಾಲ್ಕೂವರೆಗೆ.
ಆ ಹೊತ್ತಿನಲ್ಲಿ ಬಸ್ಸು
ತನ್ನ ತಾಯಿಯ ಮಡಿಲಲ್ಲಿ ಮಲಗಿರುತ್ತದೆ.

ಮೊದಲು ಹೋದದ್ದು
ಸೆವೆನ್ ಮೈಲ್ ರಸ್ತೆಯ ದೊಡ್ಡ ಹೋರ್ಡಿಂಗಿನಲ್ಲಿ ನಗುವವನ ಹತ್ತಿರ.
ಅಲ್ಲಿ ಅವನ ಒಂದೊಂದು ಹಲ್ಲೂ ನನ್ನ ಬಾಗಿಲಿನಷ್ಟು.
ಎದುರಿಗೆ ಕಂಡರೆ ಸಣ್ಣ ಆಳು, ಸಣ್ಣ ಹಲ್ಲು.
"ಏಳು ದಿನದ ವಿಮೆ ಕೊಡ್ತೀನಿ.
ನಂಬರ್ ಪ್ಲೇಟಿಗೆ ಅಷ್ಟು ಸಾಕು."
ಎಂಟನೇ ದಿನ?
ಅವನು ಛಾವಣಿಯ ಕಡೆ ಬೆರಳು ತೋರಿಸಿದ.
ಛಾವಣಿ ಸೋರಿ ಕಂದುಗಟ್ಟಿತ್ತು.

ಚಿಕ್ಕಪ್ಪನ ಮಗಳು ಟವಾಂಡ ಇರುವುದು ಲಿವೋನಿಯಾದಲ್ಲಿ.
ಹುಲ್ಲುಹಾಸು, ಎರಡು ಗ್ಯಾರೇಜು, ಅರ್ಧಕ್ಕರ್ಧ ಪ್ರೀಮಿಯಂ.
"ನನ್ನ ವಿಳಾಸ ಬರಿಯೇ ವರ್ನೆಟಾ,
ಎಲ್ಲರೂ ಅದನ್ನೇ ಮಾಡೋದು."

ಆ ವಿಳಾಸ ಹಿಡಿದು ಹೋದದ್ದು ಹ್ಯಾಮ್‌ಟ್ರಾಮಿಕ್‌ಗೆ,
ಬೇಕರಿಗೂ ಲಾಂಡ್ರಿಗೂ ನಡುವೆ ಸಿಕ್ಕಿಕೊಂಡ
ಕುರೆಕ್ ಮುದುಕನ ಆಫೀಸಿಗೆ.
ಅವನ ಹೋರ್ಡಿಂಗ್ ಅಂದರೆ ಗಾಜಿಗಂಟಿಸಿದ ಕಾಗದ:
ಊಟಕ್ಕೆ ಹೋಗಿದ್ದೇನೆ.
ಕಾದೆ. ಬಂದ. ಮೀಸೆಯಲ್ಲಿ ಬೀಟ್‌ರೂಟು.
ವಿಳಾಸ ಓದಿ ಪೆನ್ನು ಕೆಳಗಿಟ್ಟ.

"ನಿಮ್ಮ ಟೂತ್‌ಬ್ರಷ್ ಎಲ್ಲಿದೆ?"

"ಅಂದರೆ?"

"ಅಪಘಾತ ಆಯಿತು ಅನ್ನಿ. ಕಂಪನಿ ಒಬ್ಬನನ್ನು ಕಳಿಸುತ್ತೆ.
ಒಳ್ಳೆಯ ಮನುಷ್ಯ, ಕಾಫಿ ಕೊಟ್ಟರೆ ಕುಡೀತಾನೆ,
ಆಮೇಲೆ ಬಚ್ಚಲುಮನೆಗೆ ಹೋಗಿ ಬ್ರಷ್ ಎಣಿಸ್ತಾನೆ.
ಅಷ್ಟು ವರ್ಷ ಕಟ್ಟಿದ ಹಣ
ಒಂದು ಬ್ರಷ್ ಕಡಿಮೆಯಾಗಿ ನೀರಿಗೆ ಹೋಗುತ್ತೆ."

ನಾನು ಮಾತಾಡಲಿಲ್ಲ.
ಲಾಂಡ್ರಿಯ ಯಂತ್ರ ಗೋಡೆಯಾಚೆ
ಯಾರದೋ ಬಟ್ಟೆಯನ್ನು ಬಡಿಯುತ್ತಿತ್ತು.

ಹಳೆಯ ಪಾಲಿಸಿ ತೆಗೆದು ಕನ್ನಡಕ ಮೂಗಿಗಿಳಿಸಿ
ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಓದಿದ.
"ಈ ಕಾರು ಜಜ್ಜಿಹೋದರೆ ಕಂಪನಿ ಕೊಡುವುದು ಚಿಲ್ಲರೆ.
ಅದನ್ನು ಬಿಡಿ.
ಮೈಗೆ ಪೆಟ್ಟಾದರೆ ಸಿಗುವುದನ್ನು ಮಾತ್ರ ಬಿಡಬೇಡಿ,
ಎಷ್ಟೇ ಅಗ್ಗ ಆಗುತ್ತೆ ಅಂದರೂ."
ಪುಟ ತಿರುವಿದ. ನಿಂತ.
"ಈ ಲಿಯೋಟಿಸ್ ಯಾರು? ಎರಡನೇ ಚಾಲಕ?"

ಲಿಯೋಟಿಸ್.
ಜಡ್ಜ್ ಒಂಬತ್ತು ನಿಮಿಷದಲ್ಲಿ ನಮ್ಮನ್ನು ಬೇರೆ ಮಾಡಿ
ಆರು ವರ್ಷವಾಯಿತು.
ಕುಡಿದು ಓಡಿಸಿ ಎರಡು ಸಲ ಸಿಕ್ಕಿಬಿದ್ದವನು.
ಮನೆ ಬಿಟ್ಟ, ಊರು ಬಿಟ್ಟ,
ನನ್ನ ಪಾಲಿಸಿ ಬಿಟ್ಟಿರಲಿಲ್ಲ.
ತಿಂಗಳಿಗೆ ಎಪ್ಪತ್ತೆಂಟು ಡಾಲರ್
ಅವನ ಆ ಎರಡು ರಾತ್ರಿಗಳಿಗೆ
ಬಡ್ಡಿ ಕಟ್ಟುತ್ತಿದ್ದೆ, ಗೊತ್ತಿಲ್ಲದೆ.

ನಗಬೇಕೆನಿಸಿತು. ಬಂದದ್ದು ನಗು ಅಲ್ಲ.
ಕುರೆಕ್ ಪೇಪರ್ ನ್ಯಾಪ್ಕಿನ್ ಮುಂದೆ ತಳ್ಳಿ
ಕಿಟಕಿಯ ಕಡೆ ನೋಡುತ್ತ ಕೂತ,
ಅವಸರವೇ ಇಲ್ಲದ ಏಜೆಂಟ್.
"ತೆಗೀಲಾ?"
ತೆಗೀರಿ, ಅಂದೆ.
ಕೋರ್ಟಿನಲ್ಲಿ ಆಗದ್ದು ಆಗ ಆಯಿತು.

ವರ್ಷಕ್ಕೆ ಎರಡು ಸಾವಿರದ ನಲವತ್ತು.
ಅಗ್ಗ ಅನ್ನಲಾರೆ. ಲಿವೋನಿಯಾದವರು ಕೇಳಿದರೆ ನಕ್ಕಾರು.
ಆದರೆ ವಿಳಾಸ ನನ್ನದೇ,
ಬ್ರಷ್ ಇರುವಲ್ಲೇ ನಾನು.

ಮರುದಿನ ನಾಲ್ಕಕ್ಕೆ, ಕತ್ತಲಲ್ಲಿ,
ಹೊಸ ಕಾಗದ ಇಡಲು ಡ್ಯಾಶ್‌ಬೋರ್ಡಿನ ಡಬ್ಬಿ ತೆರೆದರೆ
ಅವನ ಬಾಚಣಿಗೆ. ಎರಡು ಹಲ್ಲು ಮುರಿದದ್ದು.
ಬಿಸಾಡಲು ಗಾಜಿಳಿಸಿದೆ. ಚಳಿ ನುಗ್ಗಿತು.
ಏರಿಸಿದೆ.

ಇರಲಿ.
ಅದಕ್ಕೇನೂ ಪ್ರೀಮಿಯಂ ಇಲ್ಲವಲ್ಲ.