ಒಳಮಡಿಕೆ

ಸೇಂಟ್ ಲೂಯಿಸ್, ಚೆರೋಕೀ ಬೀದಿ, ಅಕ್ಟೋಬರ್.
ಯಾರೋ ಯಾರಿಗೋ ಹಾರಿಸಿದ ಗುಂಡು
ಅಂಗಡಿಯ ಗಾಜು ಒಡೆದು, ಮದುವಣಿಗನೊಬ್ಬನ ಕೋಟಿನ ಅಂಚು ಹರಿದು
ವರ್ನೀಸ್ ಟಾಲಿವರ್ ಅವರ ಬಲಮೊಣಕಾಲ ಪಕ್ಕ ಬಂದು ಕೂತಿತು.
ಪೊಲೀಸರಿಗೆ ಆಕೆ ಮೊದಲು ಹೇಳಿದ್ದು:
ಆ ಕೋಟು ಶನಿವಾರಕ್ಕೆ ಕೊಡಬೇಕು.

ಎಲುಬು ಉಳಿಯಿತು. ರಕ್ತನಾಳ ಉಳಿಯಿತು.
ನಲವತ್ತೊಂದು ವರ್ಷ ಪೆಡಲು ತುಳಿದ ಪಾದ ಮಾತ್ರ
ಹಗ್ಗದ ಮೇಲಿನ ಒದ್ದೆ ಕಾಲ್ಚೀಲದ ಹಾಗೆ ಜೋತುಬಿದ್ದಿತ್ತು.
ಗುಂಡು ಎಲ್ಲಿ, ತೋರಿಸಿ, ಅಂದರು.
ಒಳಗೇ ಇದೆ, ಇರಲಿ ಬಿಡಿ, ಅಂದೆ.
ಅದನ್ನು ಹುಡುಕಹೋದರೆ
ಅದು ಹರಿದದ್ದಕ್ಕಿಂತ ಹೆಚ್ಚು ನಾವು ಹರಿಯುತ್ತೇವೆ.
ಎಕ್ಸ್‌ರೇಯಲ್ಲಿ ಗುಂಡು, ಗುಂಡಿಯ ಹಾಗೆ,
ಯಾರೋ ಹೊಲಿಯಲು ಮರೆತದ್ದು.

ಮತ್ತೆ ನರ?
ಕಾಯಬೇಕು, ಮೂರು ತಿಂಗಳು.
ಗುಂಡು ಎಲ್ಲ ನರವನ್ನೂ ಕತ್ತರಿಸುವುದಿಲ್ಲ,
ಕೆಲವಕ್ಕೆ ಕಪಾಳಕ್ಕೆ ಬಾರಿಸಿ ಹೋಗುತ್ತದೆ, ಅಷ್ಟೆ;
ಪೆಟ್ಟು ತಿಂದದ್ದು ತಾನಾಗಿ ಎದ್ದು ಕೂರುತ್ತದೆ.
ಯಾವುದು ಯಾವುದೆಂದು ಹೊರಗೆ ನಿಂತವನಿಗೆ,
ಅಂದರೆ ನನಗೆ,
ತಿಳಿಯದು.
ಆಕೆ ಕನ್ನಡಕ ಇಳಿಸಿ ನೋಡಿದರು:
ನಾಳೆ ಬನ್ನಿ ಅನ್ನುವುದು ನಮ್ಮ ಕಸುಬು, ಡಾಕ್ಟರೇ.

ಜನವರಿ. ನದಿಯ ಮೇಲೆ ಐಸಿನ ಹಲ್ಲೆಗಳು.
ಸೂಜಿ ಚುಚ್ಚಿ ಕೇಳಿದೆವು, ಸ್ನಾಯು ಮಾತಾಡಲಿಲ್ಲ.
ತೆರೆದೆವು.
ನರವಿರಬೇಕಾದಲ್ಲಿ ಗಂಟು,
ಹುಣಸೆಬೀಜದಷ್ಟು, ಬಿಳಿಚಿ, ಗಟ್ಟಿ.
ಕೊಯ್ದೆ. ಇನ್ನೂ ಕಲೆಯೇ.
ಮತ್ತೊಂದು ಚೂರು ಕೊಯ್ದೆ.
ಒಳ್ಳೆಯ ನರ ಕೊಯ್ದರೆ ಎಳೆಗಳು
ಒರಳಿನಿಂದ ಹಸಿ ಶಾವಿಗೆ ಇಣುಕಿದ ಹಾಗೆ ಇಣುಕುತ್ತವೆ.
ಅದು ಕಾಣುವವರೆಗೆ ಕೈ ನಿಲ್ಲಿಸಬಾರದು,
ಎಷ್ಟು ಹೋಯಿತೆಂದು ಆಮೇಲೆ ಅಳೆಯಬೇಕು.
ಐದು ಸೆಂಟಿಮೀಟರು.

ಹಿಂದಿನ ರಾತ್ರಿ ಆಕೆ ಹೇಳಿದ್ದರು:
ಎಳೆದು ಹೊಲಿಯಬೇಡಿ.
ಎಳೆದರೆ ಸುಕ್ಕು, ಸುಕ್ಕು ಬಿದ್ದದ್ದು ಇಂದಲ್ಲ ನಾಳೆ ಬಿಡುತ್ತದೆ.
ಬಟ್ಟೆ ಸಾಲದಿದ್ದರೆ ಒಳಮಡಿಕೆಯಿಂದ ತಗೊಳ್ಳಿ,
ಅದಕ್ಕೆಂದೇ ಬಿಟ್ಟಿರುತ್ತೇವೆ.
ಎಂಟು ವರ್ಷ ನಾನು ಕಲಿತದ್ದೂ ಇಷ್ಟೇ.

ಮೀನಖಂಡದ ಹಿಂದಿನಿಂದ ಒಂದು ನರ ಬಿಡಿಸಿ ತಂದೆ
(ಪಾದದ ಹೊರ ಅಂಚು ಇನ್ನು ಮರಗಟ್ಟಿರುತ್ತದೆ, ಅದು ಬೆಲೆ),
ಮೂರು ತುಂಡು ಮಾಡಿ ಪಕ್ಕಪಕ್ಕ ಮಲಗಿಸಿ
ಕೂದಲಿಗಿಂತ ಸಣ್ಣ ದಾರದಲ್ಲಿ
ಒಂದುಸಿರಿಗೂ ಇನ್ನೊಂದಕ್ಕೂ ನಡುವೆ ಒಂದೊಂದು ಗಂಟು ಹಾಕಿದೆ.
ಎಳೆಯಲಿಲ್ಲ.

ನರ ದಿನಕ್ಕೊಂದು ಮಿಲಿಮೀಟರು ಬೆಳೆಯುತ್ತದೆ,
ಎಲ್ಲ ಸರಿಯಿದ್ದರೆ.
ತಿಂಗಳಿಗೊಂದಂಗುಲ ಅನ್ನಿ, ಅಂದರು, ಅಂಗುಲ ನನಗೆ ಅರ್ಥವಾಗುತ್ತದೆ.
ಬಂದಾಗಲೆಲ್ಲ ಬೆರಳಲ್ಲಿ ಕಾಲು ತಟ್ಟುತ್ತೇನೆ;
ಎಲ್ಲಿ ಝುಮ್ಮೆಂದಿತೋ ಅಲ್ಲಿಗೆ ಬಂದಿದೆ ನರದ ತುದಿ.
ಆಕೆ ಪರ್ಸಿನಿಂದ ದರ್ಜಿಯ ನೀಲಿ ಸುಣ್ಣ ತೆಗೆದು
ಚರ್ಮದ ಮೇಲೆ ಗೀಟೆಳೆಯುತ್ತಾರೆ.
ಅಂಗಡಿಯ ಪುಸ್ತಕದಲ್ಲಿ ಆ ದಿನದ ಬರಹ:
ಮಿಸೆಸ್ ಪ್ರುಯೆಟ್, ಸ್ಕರ್ಟು, ಎರಡಂಗುಲ ಗಿಡ್ಡ.
ನನ್ನ ಕಾಲು, ಮುಕ್ಕಾಲಂಗುಲ ಉದ್ದ.

ಪಾದ ಇನ್ನೂ ಎದ್ದಿಲ್ಲ.
ಪೆಡಲು ಎಡಗಾಲಿಗೆ ಬದಲಾಗಿದೆ,
ಅದರಲ್ಲಿ ಹೊಲಿದ ಮೊದಲ ಪ್ಯಾಂಟು ಸೊಟ್ಟ.
ಏಳದೇ ಹೋದರೆ, ಅಂದರು ಹೋದ ವಾರ.
ಒಳಬದಿಯ ಸ್ನಾಯುವೊಂದರ ತುದಿ ತಂದು ಇಲ್ಲಿ ಕಟ್ಟುತ್ತೇವೆ.
ತೇಪೆ, ಅಂದರು.
ಹೌದು, ಅಂದೆ.
ತೇಪೆಗೆ ನಾನು ಅರ್ಧ ದರ ತಗೊಳ್ಳುತ್ತೇನೆ, ಅಂದರು.

ಆಕೆ ಹೋದ ಮೇಲೆ ಕೈ ತೊಳೆಯುವಾಗ
ಬೆರಳಿನಿಂದ ಸ್ವಲ್ಪ ನೀಲಿ ಇಳಿಯಿತು.
ಮುಂದಿನ ಕೇಸು ಬಂದಾಗಿತ್ತು:
ಹತ್ತೊಂಬತ್ತರ ಹುಡುಗ, ಎಡತೊಡೆ,
ಹೆಬ್ಬೆರಳು ಅಲುಗಿಸು ಅಂದರೆ
ನನ್ನ ಮುಖವನ್ನೇ ನೋಡುತ್ತಾನೆ.